ಬಾಗಿಲವರೆಗೆ ಎರಡು ಸಲ

ಆಸ್ಪತ್ರೆಯ ಗುಮಾಸ್ತೆ ಫಾರಂನ ಕೊನೆಯ ಸಾಲಿಗೆ ಬಂದು, ತಲೆ ಎತ್ತದೆ ಕೇಳಿದಳು: "ಬಂತಾಯ್ ಯಾರು?"

ರೋಗಿಯ ಹಾಸಿಗೆಯ ಪಕ್ಕ ಹಗಲೂ ರಾತ್ರಿ ಕಾದಿರುವವರೇ ಬಂತಾಯ್. ಗಂಜಿ ಕುಡಿಸುವುದು, ಔಷಧಿ ಅಂಗಡಿಗೆ ಓಡುವುದು, ಬೆಡ್‌ಪ್ಯಾನ್ ಕೊಡುವುದು ಎಲ್ಲ ಅವರದೇ ಕೆಲಸ. ಇಲೊಇಲೊ ಊರಿನಲ್ಲಿ ಬಂತಾಯ್ ಇಲ್ಲದೆ ಆಸ್ಪತ್ರೆ ಸೇರುವವರು ತೀರ ಅಪರೂಪ.

"ಯಾರೂ ಇಲ್ಲ," ಅಂದ ಕಿರಿನೊ.

"ಹೆಂಡತಿ?"

"ತೀರಿಕೊಂಡು ಏಳು ವರ್ಷ ಆಯ್ತು."

"ಮಕ್ಕಳು?"

"ಆಗ್ಲಿಲ್ಲ."

"ನೆಂಟರು, ಇಷ್ಟರು, ಯಾರಾದ್ರೂ ಇರ್ಬೇಕಲ್ಲ?"

"ಹೆಂಡತಿಯ ಅಕ್ಕ ಒಬ್ಳು ಇದ್ದಾಳೆ. ಮಾತಿಲ್ಲ."

"ಮಾತಿಲ್ದಿದ್ರೆ ಏನು, ಬೆಡ್‌ಪ್ಯಾನ್ ಕೊಟ್ರೆ ಸಾಕು," ಅಂದಳು ಗುಮಾಸ್ತೆ. ಕಿರಿನೊ ನಗಲಿಲ್ಲ. ಅವಳು ಆ ಸಾಲಿನಲ್ಲಿ ಒಂದು ಗೀಟು ಎಳೆದು ಕಾಗದವನ್ನು ಕಂಬಳಿಯ ಮೇಲಿಟ್ಟಳು.

ಕಿರಿನೊಗೆ ಅರವತ್ತಾರು. ಗಿಮಾರಾಸ್ ದ್ವೀಪದ ದಕ್ಕೆಯಲ್ಲಿ ಮೋಟಾರು ದೋಣಿಗಳ ಎಂಜಿನ್ ರಿಪೇರಿ ಅವನ ಕಸುಬು. ಆ ಬೆಳಿಗ್ಗೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ, ತೊಡೆಯ ಮೂಳೆ ಸೊಂಟದ ಬುಡದಲ್ಲೇ ಮುರಿದಿತ್ತು. ದೋಣಿಯವರು ಹಲಗೆಯ ಮೇಲೆ ಮಲಗಿಸಿ, ಕಡಲು ದಾಟಿಸಿ ಇಲ್ಲಿಗೆ ತಂದಿದ್ದರು. "ನೀನು ರಿಪೇರಿ ಮಾಡಿದ ಎಂಜಿನ್ನೇ ಕಣಣ್ಣಾ, ಅದಕ್ಕೇ ಮಧ್ಯದಲ್ಲಿ ನಿಲ್ದೆ ಬಂತು," ಎಂದು ದಾರಿಯುದ್ದಕ್ಕೂ ಅವನಿಗೆ ಧೈರ್ಯ ಹೇಳಿದ್ದರು. ಹಾಸಿಗೆ ಸಿಗುವವರೆಗೆ ಕಾದು, ದಕ್ಕೆಯಲ್ಲಿ ಜನ ಕಾಯುತ್ತಿದ್ದಾರೆಂದು ಹೊರಟುಹೋದರು. ಅವರನ್ನು ದೂರುವ ಹಾಗಿರಲಿಲ್ಲ.

ಏಳು ವರ್ಷದಿಂದ ಅವನು ಈ ಆಸ್ಪತ್ರೆಯ ಗೇಟು ದಾಟಿರಲಿಲ್ಲ. ಪೇಟೆಗೆ ಸಾಮಾನು ತರಲು ಬಂದರೂ ಈ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದ. ಅವನ ಹೆಂಡತಿ ಸಲುದ್ ಸತ್ತದ್ದು ಇಲ್ಲೇ, ಮೂರನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ. ಈಗ ಅವನು ಮಲಗಿದ್ದದ್ದು ನೆಲಮಹಡಿಯ ಗಂಡಸರ ವಾರ್ಡಿನಲ್ಲಿ. ಆದರೂ ಅದೇ ಫಿನಾಯಿಲ್ ವಾಸನೆ, ಅದೇ ಹಸಿರು ಪರದೆಗಳು.

ಎರಡು ದಿನದ ಮೇಲೆ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಒಬ್ಬ ನರ್ಸ್ ತಟ್ಟೆ ಹಿಡಿದು ಬಂದಳು. ನಲವತ್ತರ ಆಸುಪಾಸು, ದಕ್ಕೆಯಲ್ಲಿ ಟಿಕೆಟು ಕೂಗುವವರಂಥ ಗಂಟಲು.

"ಮನೋಂಗ್ ಕಿರಿನೊ, ಎಚ್ಚರ ಇದ್ದೀರಾ? ನಾನು ದಿವಿನಾ. ಈ ವಾರ್ಡಿನಲ್ಲಿ ಎಲ್ರೂ ಬೈಯೋದು ನನ್ನನ್ನೇ. ನೀವೂ ಶುರು ಮಾಡ್ಬಹುದು."

ಮನೋಂಗ್ ಅಂದರೆ ಅಣ್ಣ. ಆಕೆ ಅವನ ಅಂಗಿ ಸರಿಸಿ, ಹೊಕ್ಕುಳ ಪಕ್ಕದ ಚರ್ಮವನ್ನು ಚಿವುಟಿ ಹಿಡಿದು ಸೂಜಿ ಚುಚ್ಚಿದಳು.

"ಮುರಿದಿದ್ದು ಸೊಂಟ, ಹೊಟ್ಟೆಗ್ಯಾಕೆ ಸೂಜಿ?"

"ರಕ್ತ ಹೆಪ್ಪುಗಟ್ಟಬಾರದು ಅಂತ."

ಆಮೇಲೆ ತಟ್ಟೆಯಿಂದ ಉದ್ದನೆಯ ಬಿಳಿ ಕಾಲುಚೀಲಗಳನ್ನು ತೆಗೆದಳು. ಬಿಗಿಯಾದವು, ತೊಡೆಯವರೆಗೂ ಬರುವಂಥವು. ಅವನ್ನು ನೋಡಿದ್ದೇ ಕಿರಿನೊ ತಲೆಯನ್ನು ದಿಂಬಿನಿಂದ ಎತ್ತಿದ.

"ಇದು ಚಳಿಗಾ?"

"ಇಲೊಇಲೊದಲ್ಲಿ ಚಳಿ ಎಲ್ಲಿಂದ ತರ್ಲಿ ಮನೋಂಗ್! ಇದೂ ಅದಕ್ಕೇ. ಆಪರೇಷನ್ ಆಗಿ ಕಾಲು ಆಡಿಸ್ದೆ ಮಲಗಿದ್ರೆ ಮೀನಖಂಡದಲ್ಲಿ ರಕ್ತ ನಿಂತುಬಿಡುತ್ತೆ. ನಿಂತದ್ದು ಗಟ್ಟಿಯಾಗುತ್ತೆ. ಅಲ್ಲೇ ಇದ್ರೆ ಕಾಲು ಊದುತ್ತೆ, ಅಷ್ಟೆ. ಕಿತ್ತುಕೊಂಡು ಮೇಲಕ್ಕೆ ಹೋಯ್ತೋ, ಸೀದಾ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ."

"ಶ್ವಾಸಕೋಶಕ್ಕಾ?"

"ಹೂಂ."

"ಕಾಲಿನಿಂದ?"

"ಕಾಲಿನಿಂದಲೇ. ಅದಕ್ಕೇ ಈ ಸೂಜಿ, ಈ ಕಾಲುಚೀಲ. ಅದಕ್ಕೇ ಮಧ್ಯಾಹ್ನ ನಿಮ್ಮನ್ನ ಎಬ್ಬಿಸಿ ನಡೆಸ್ತೀನಿ. ಅಲ್ಲೀತನಕ ಪಾದವನ್ನ ಹೀಗೆ ಮೇಲೆ ಕೆಳಗೆ ಆಡಿಸ್ತಾ ಇರಿ, ಹೊಲಿಗೆ ಮೆಷಿನ್ ತುಳಿದ ಹಾಗೆ."

ಕಿರಿನೊ ಪಾದ ಆಡಿಸಲಿಲ್ಲ. "ಸಿಸ್ಟರ್, ಅದು ಎಷ್ಟನೇ ದಿನಕ್ಕೆ ಆಗುತ್ತೆ?"

"ಮೂರನೇ ದಿನ ಆಗಬಹುದು, ಹತ್ತನೇ ದಿನ ಆಗಬಹುದು. ಕೆಲವರಿಗೆ ಮನೆಗೆ ಹೊರಡೋಣ ಅಂತ ಎದ್ದು ನಿಂತಾಗಲೇ..." ದಿವಿನಾ ಅವನ ಮುಖ ನೋಡಿ ಮಾತು ನಿಲ್ಲಿಸಿದಳು. "ಹೆದರ್ಬೇಡಿ. ನಡೆಯೋರಿಗೆ ಬರೋದು ಕಡಿಮೆ."

ಮಧ್ಯಾಹ್ನ ಆಕೆ ವಾಕರ್ ತಂದಾಗ ಕಿರಿನೊ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನೋವು ಅಂದ. ನೋವಿನ ಮಾತ್ರೆ ಕೊಡುತ್ತೇನೆ ಅಂದಳು. ಬೇಡ ಅಂದ. ಸಂಜೆ ಮತ್ತೆ ಬಂದಳು. ಅವನು ಕಣ್ಣೇ ತೆರೆಯಲಿಲ್ಲ.

ಸಲುದ್‌ಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಗಿತ್ತು. ದೊಡ್ಡದೇನಲ್ಲ ಎಂದು ಎಲ್ಲರೂ ಹೇಳಿದ್ದರು. ಮರುದಿನ ನರ್ಸ್ ಅವಳನ್ನು ಎಬ್ಬಿಸಿ ನಿಲ್ಲಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ಒಂದು ಹೆಜ್ಜೆ ಇಟ್ಟಳು. ಮೀನು ಸುಡುವಾಗ ಕೈ ಬೆಂದರೂ ಅಳದ ಹೆಂಗಸು, ಆ ಒಂದು ಹೆಜ್ಜೆಗೆ ಅತ್ತುಬಿಟ್ಟಳು. ಕಿರಿನೊಗೆ ನೋಡಲಾಗಲಿಲ್ಲ. ಅವಳನ್ನು ಮತ್ತೆ ಮಲಗಿಸಿ, ನರ್ಸ್ ಆ ಕಡೆ ಹೋದ ಮೇಲೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತ.

"ಮತ್ತೆ ಕೇಳಿದ್ರೆ ನಡೆದ್ಳು ಅಂತ ಹೇಳು," ಅಂದಿದ್ದಳು ಸಲುದ್.

"ಎಷ್ಟು ನಡೆದ್ಳು ಅನ್ಲಿ?"

"ಬಾಗಿಲವರೆಗೆ ಎರಡು ಸಲ ಅನ್ನು. ಮೂರು ಅಂದ್ರೆ ನಂಬಲ್ಲ."

ಅವನು ನಕ್ಕ. ಅವಳೂ ನಕ್ಕು, "ನಗಿಸ್ಬೇಡ್ವೋ, ಹೊಲಿಗೆ ಬಿಚ್ಚುತ್ತೆ," ಎಂದು ಅವನ ಕೈಗೆ ಹೊಡೆದಳು. ಅಂದಿನಿಂದ ಅದೊಂದು ಆಟವಾಯಿತು. ಯಾವ ನರ್ಸ್ ಬಂದು ಕೇಳಿದರೂ ಅವನದು ಒಂದೇ ಉತ್ತರ, ಬಾಗಿಲವರೆಗೆ ಎರಡು ಸಲ. ಆ ಬಿಳಿ ಕಾಲುಚೀಲ ಸೆಖೆಗೆ ಕಡಿಯುತ್ತಿದೆ ಅಂದಳು. ಅದನ್ನು ಸುಲಿದು ದಿಂಬಿನ ಕೆಳಗೆ ಬಚ್ಚಿಟ್ಟ. ಹೆಜ್ಜೆ ಸಪ್ಪಳ ಕೇಳಿದರೆ ಗಡಿಬಿಡಿಯಿಂದ ತೊಡಿಸುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಬೆಳಗಾದರೆ ದಕ್ಕೆಗೆ, ಅವಳು ಅಕ್ಕನ ಮನೆಯ ಮೀನಿನ ಒಲೆಗೆ. ಇಡೀ ದಿನ ಎದುರುಬದುರು ಕೂತು ಮಾತಾಡಿದ್ದು ಅಂದರೆ ಆ ನಾಲ್ಕು ದಿನವೇ. ಅದನ್ನು ಅವನು ತನ್ನ ಬಾಳಿನ ಒಳ್ಳೆಯ ದಿನಗಳಲ್ಲಿ ಎಣಿಸಿಕೊಂಡಿದ್ದ.

ಐದನೇ ದಿನ ಮನೆಗೆ ಹೊರಡಲು ಅವಳು ತಲೆ ಬಾಚಿಸಿಕೊಂಡು ಎದ್ದು ನಿಂತಳು. "ಕಿರಿನೊ, ಉಸಿರು..." ಅಂದಳು. ಅವನ ಎದೆಯ ಮೇಲೇ ಕುಸಿದಳು. ಡಾಕ್ಟರು ಹೊರಗೆ ಬಂದು ಹೇಳಿದ ಹತ್ತು ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಶ್ವಾಸಕೋಶ ಎನ್ನುವ ಒಂದೇ ಮಾತು.

ಅಷ್ಟೇ ಸಾಕಾಯಿತು. ಸಲುದ್‌ಳ ಅಕ್ಕ ಪಾಸ್ತೋರಾ ಹಿತ್ತಲಲ್ಲಿ ಒಲೆ ಹಾಕಿ ಮೀನಿಗೆ ಹೊಗೆ ಕೊಟ್ಟು ಮಾರುತ್ತಿದ್ದಳು. ಸಲುದ್ ವರ್ಷಗಟ್ಟಲೆ ಆ ಹೊಗೆಯಲ್ಲಿ ಕೂತು ಕೆಮ್ಮುತ್ತ ಅಕ್ಕನಿಗೆ ಕೈ ಜೋಡಿಸಿದ್ದಳು. ಮಣ್ಣು ಮಾಡಿದ ದಿನ, ಪಾದ್ರಿ ಇನ್ನೂ ಅಲ್ಲೇ ನಿಂತಿರುವಾಗ, ಕಿರಿನೊ ಎಲ್ಲರ ಎದುರಿಗೆ ಅಂದಿದ್ದ: "ನಿನ್ನ ಹೊಗೆಯೇ ಅವಳ ಶ್ವಾಸಕೋಶ ತಿಂದಿದ್ದು. ನೀನೇ ಕೊಂದೆ." ಮರುದಿನ ಪಾಸ್ತೋರಾ ಒಲೆಗೆ ನೀರು ಸುರಿದಳು. ಏಳು ವರ್ಷದಿಂದ ಅದು ಹತ್ತಿಲ್ಲ.

ಗೋಡೆಯ ಕಡೆ ಮುಖ ಮಾಡಿ ಕಿರಿನೊ ಇದನ್ನೇ ಮೊದಲಿನಿಂದ ಕೊನೆವರೆಗೆ, ಕೊನೆಯಿಂದ ಮೊದಲವರೆಗೆ ತಿರುವಿ ಹಾಕುತ್ತಿದ್ದ. ಹಾಗೇ ಅಲ್ಲಾಡದೆ ಮಲಗಿದ್ದರೆ ತನಗೂ ಅದೇ ಬರಬಹುದು. ಬರಲಿ. ಕಾಲಿನಿಂದ ಹೊರಟು ಬರಲಿ. ಹೇಳಿಕೊಳ್ಳಲು ಒಬ್ಬರೂ ಇಲ್ಲದವನಿಗೆ ಆ ಯೋಚನೆ ಒಂಥರಾ ಜೊತೆಯಾಗಿ ಉಳಿಯಿತು.

ಪಕ್ಕದ ಹಾಸಿಗೆಯಲ್ಲಿ ಬಾಲ್ತಸಾರ್ ಎಂಬ ಮುದುಕ. ಕರುಳಿನ ಆಪರೇಷನ್ ಆಗಿತ್ತು. ಬಂತಾಯ್ ಆಗಿ ಮಗಳು ಹೆರ್ಮಿ ಇದ್ದಳು. ಶಾಲೆಯ ಟೀಚರು, ಇನ್ನೂ ಮದುವೆಯಾಗಿರಲಿಲ್ಲ. ಅಪ್ಪನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಬೆನ್ನಿಗೆ ಪೌಡರ್ ಹಚ್ಚಿ, ಹೊರಳಬೇಕಾದರೂ ತಾನೇ ಹೊರಳಿಸುತ್ತಿದ್ದಳು. ಮಗಳ ಕೈಯಲ್ಲಿ ಮುದುಕ ಮಗುವಾಗಿದ್ದ. ಮರುದಿನ ಬೆಳಿಗ್ಗೆ ದಿವಿನಾ ಬಾಗಿಲಲ್ಲೇ ನಿಂತು ಕೂಗಿ ಕೇಳಿದಳು: "ಹೆರ್ಮಿ, ಅಪ್ಪ ನಡೆದ್ರಾ?"

"ನಡೆದ್ರು ಸಿಸ್ಟರ್. ಈಗಷ್ಟೇ ಬಂದು ಮಲಗಿದ್ರು," ಅಂದಳು ಹೆರ್ಮಿ. ಮುದುಕ ಹೊದಿಕೆಯೊಳಗಿಂದ ಮಗಳಿಗೆ ಕಣ್ಣು ಮಿಟುಕಿಸಿದ.

ಕಿರಿನೊ ಹೊರಳಿದ. ಹಿಂದಿನ ಮಧ್ಯಾಹ್ನದ ಮೇಲೆ ಮೊದಲ ಸಲ ಬಾಯಿ ಬಿಟ್ಟ.

"ಸುಳ್ಳು. ಅವರು ನೆಲಕ್ಕೆ ಕಾಲೇ ಇಟ್ಟಿಲ್ಲ."

ದಿವಿನಾ ಬಂದು ಹೆರ್ಮಿಯ ಮುಖ ನೋಡಿದಳು, ಬೈಯಲಿಲ್ಲ. "ಹತ್ತು ನಿಮಿಷದಲ್ಲಿ ಬರ್ತೀನಿ, ರೆಡಿ ಮಾಡಿರಿ," ಎಂದಷ್ಟೇ ಹೇಳಿ ಹೋದಳು.

ಹೆರ್ಮಿ ಕೆಂಪಾಗಿದ್ದಳು. "ನಿಮಗ್ಯಾಕ್ರೀ ಬೇಕಿತ್ತು? ನೀವು ಎದ್ದು ನಡೆದ್ರಾ? ನಿನ್ನೆಯಿಂದ ಗೋಡೆ ನೋಡ್ತಾ ಮಲಗಿದ್ದೀರಿ!"

"ನನ್ನ ಮಾತು ಬೇರೆ, ಇಂದಾಯ್."

"ಇಂದಾಯ್ ಗಿಂದಾಯ್ ಅಂತ ಮುದ್ದು ಮಾಡಿ ಕರೀಬೇಡಿ. ನಿಮ್ಮ ಹತ್ರ ಒಬ್ರೂ ಬರಲ್ಲ ಯಾಕೆ ಅಂತ ಯೋಚ್ನೆ ಮಾಡ್ತಿದ್ದೆ. ಈಗ ಗೊತ್ತಾಯ್ತು." ಅವಳು ಎರಡು ಹಾಸಿಗೆಯ ನಡುವಿನ ಹಸಿರು ಪರದೆಯನ್ನು ಸರ್ರನೆ ಎಳೆದಳು.

ಅವಳ ಮಾತು ನಾಟಬೇಕಾದಲ್ಲಿ ನಾಟಿತು. ಕಿರಿನೊ ಪರದೆಯ ಕಡೆ ಮುಖ ಮಾಡಿದ. ಆಮೇಲೆ ಅದಕ್ಕೇ ಹೇಳುವವನಂತೆ ಮಾತಾಡಲು ಶುರು ಮಾಡಿದ. ಮುಖ ಕಾಣಿಸದಿದ್ದದ್ದೇ ಒಳ್ಳೆಯದಾಯಿತೇನೋ.

"ನನ್ನ ಹೆಂಡತಿ ಸಲುದ್ ಅಂತ. ಇದೇ ಆಸ್ಪತ್ರೆ, ಮೇಲ್ಗಡೆ. ಅವಳಿಗೂ ನಡೀರಿ ಅಂದಿದ್ರು. ನೋವು ಅಂದ್ಳು. ನಾನು ಅವಳನ್ನ ಎಬ್ಬಿಸ್ಲಿಲ್ಲ. ನರ್ಸ್ ಕೇಳಿದಾಗೆಲ್ಲ ನಡೆದ್ಳು ಅಂದೆ. ಬಾಗಿಲವರೆಗೆ ಎರಡು ಸಲ ಅಂದೆ. ಕಾಲುಚೀಲಾನೂ ನಾನೇ ಬಿಚ್ಚಿ ಬಚ್ಚಿಟ್ಟೆ. ನಾಲ್ಕು ದಿನ ಅವಳನ್ನ ರಾಣಿ ಹಾಗೆ ನೋಡ್ಕೊಂಡೆ, ಗೊತ್ತಾ? ಐದನೇ ದಿನ ಎದ್ದು ನಿಂತ್ಲು. ನಿಂತವಳು ಹೋಗೇಬಿಟ್ಲು. ಯಾಕೆ ಅಂತ ನನಗೆ ಗೊತ್ತಾಗಿದ್ದು ನಿನ್ನೆ. ಏಳು ವರ್ಷ ಬೇರೆಯವರ ಮೇಲೆ ಹಾಕಿ ಕೂತಿದ್ದೆ."

ಪರದೆಯ ಆಚೆ ಬಟ್ಟಲನ್ನು ಕೆಳಗಿಟ್ಟ ಸದ್ದಾಯಿತು.

"ನಿಮ್ಮಪ್ಪನ ಮೇಲೆ ನಿನಗೆ ಪ್ರೀತಿ ಇಲ್ಲ ಅಂತ ನಾನು ಹೇಳ್ತಿಲ್ಲ," ಅಂದ ಕಿರಿನೊ. "ಪ್ರೀತಿ ಇದೆ. ಅದಕ್ಕೇ ಹೇಳ್ದೆ."

ಆಮೇಲೆ ಪರದೆ ಸರಿಯಿತು. ಹೆರ್ಮಿ ಅವನ ಕಡೆ ನೋಡಲಿಲ್ಲ, ಅವಳ ಮೂಗು ಕೆಂಪಾಗಿತ್ತು. ಮುದುಕ ಬಾಲ್ತಸಾರ್ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದ.

"ಏನಯ್ಯಾ ಚಾಡಿಕೋರ," ಅಂದ ಮುದುಕ. "ನನ್ನ ಸುಖ ನೋಡೋಕಾಗ್ಲಿಲ್ಲ ಅಲ್ವಾ ನಿನಗೆ? ನೀನು ಎದ್ರೆ ನಾನೂ ಏಳ್ತೀನಿ. ನೀನು ಮಲಗಿದ್ರೆ ನಾನೂ ಮಲಗ್ತೀನಿ. ಸತ್ರೆ ಪಾಪ ನಿನಗೇ."

"ಅಪ್ಪಾ!"

"ನೀನು ಸುಮ್ನಿರೇ. ಇದು ಗಂಡಸರ ವ್ಯವಹಾರ."

ದಿವಿನಾ ಬಂದಾಗ ಕಿರಿನೊಗೆ ಬೇರೆ ದಾರಿ ಇರಲಿಲ್ಲ. ಕಾಲುಗಳನ್ನು ಕೆಳಗಿಳಿಸಿದ. ಸೊಂಟದಿಂದ ಮೊಣಕಾಲಿನವರೆಗೆ ಕಾದ ಕಬ್ಬಿಣ ಇಳಿಸಿದಂತಾಯಿತು. ವಾಕರ್ ಹಿಡಿದು ಎದ್ದು ನಿಂತ. ಆ ಘಳಿಗೆಯಲ್ಲಿ ಅವನಿಗೆ ಏನೋ ಒಂದರ ನಿರೀಕ್ಷೆ ಇತ್ತು, ಉಸಿರು ನಿಲ್ಲುತ್ತದೆಂದು. ಉಸಿರು ನಿಲ್ಲಲಿಲ್ಲ, ಬಂತು, ಹೋಯಿತು, ಮತ್ತೆ ಬಂತು. ಆರು ಹೆಜ್ಜೆ ಇಟ್ಟ. ಹಿಂದೆ ಬಾಲ್ತಸಾರ್ ಮಗಳ ಭುಜ ಹಿಡಿದು, ಹೆಜ್ಜೆಗೊಂದು ಬೈಗುಳ ಹೇಳುತ್ತ ಬರುತ್ತಿದ್ದ.

ಆ ಸಂಜೆ ಕಿರಿನೊ ದಿವಿನಾಳಿಗೂ ಎಲ್ಲ ಹೇಳಿದ. ಆಕೆ ಸ್ಟೂಲು ಎಳೆದು ಕೂತು ಕೇಳಿದಳು.

"ನಾನೇ ಕೊಂದೆ ಅಲ್ವಾ ಸಿಸ್ಟರ್?"

"ಅಷ್ಟು ಸಲೀಸಾಗಿ ಹೇಳೋಕೆ ಬರಲ್ಲ ಮನೋಂಗ್. ಹೇಳಿದ್ದೆಲ್ಲ ಮಾಡಿದವರಿಗೂ ಒಮ್ಮೊಮ್ಮೆ ಬಂದುಬಿಡುತ್ತೆ. ಏನೂ ಮಾಡದವರು ಎಷ್ಟೋ ಜನ ಆರಾಮಾಗಿ ಮನೆಗೆ ಹೋಗ್ತಾರೆ."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ."

"ಸುಳ್ಳಲ್ಲ. ನಡೆದಿದ್ರೆ ಉಳೀತಿದ್ರು ಅಂತ ನಾನು ಹೇಳಲ್ಲ. ನಡೆದಿದ್ರೆ ಉಳಿಯೋ ದಾರಿ ಜಾಸ್ತಿ ಇತ್ತು. ಅದು ನಿಜ. ಇಟ್ಕೊಳ್ಳಿ ಅದನ್ನ, ಹೆಚ್ಚೂ ಬೇಡ, ಕಮ್ಮೀನೂ ಬೇಡ." ಆಕೆ ಎದ್ದಳು. "ದಿನಾ ಎಲ್ರನ್ನೂ ಎಬ್ಬಿಸಿ ಬೈಸಿಕೊಳ್ತೀನಲ್ಲ, ಯಾರನ್ನ ಉಳಿಸಿದೆ ಅಂತ ನನಗೂ ಗೊತ್ತಾಗಲ್ಲ. ಆಗ್ದೇ ಹೋದದ್ದು ಯಾರ ಕಣ್ಣಿಗೂ ಕಾಣಲ್ಲ ನೋಡಿ."

ಆಮೇಲಿನ ದಿನಗಳಲ್ಲಿ ಅವನು ಹೇಳಿದಷ್ಟೂ ನಡೆದ, ಪಾದ ಆಡಿಸಿದ, ಊದುವ ನಳಿಗೆ ಕೊಟ್ಟರೆ ಊದಿದ. ಹೆರ್ಮಿ ಅವನಿಗೂ ಒಂದು ಬಟ್ಟಲು ಗಂಜಿ ತಂದಿಡುತ್ತಿದ್ದಳು. ಕ್ಷಮಿಸಿ ಅನ್ನಲಿಲ್ಲ, ಅವನೂ ಅದನ್ನು ಬಯಸಲಿಲ್ಲ. ಆರನೇ ದಿನ ಬಾಲ್ತಸಾರ್‌ನ ಕುಟುಂಬದ ಹನ್ನೊಂದು ಜನ ಒಂದು ಬಾಡಿಗೆ ಜೀಪಿನಲ್ಲಿ ಬಂದು, ಗದ್ದಲವೆಬ್ಬಿಸಿ, ಮುದುಕನನ್ನು ಮೆರವಣಿಗೆಯಲ್ಲಿ ಒಯ್ದರು. ಅವರು ಹೋದ ಮೇಲೆ ಆ ಖಾಲಿ ಹಾಸಿಗೆಗೆ ಹೊಸ ಚಾದರ ಹಾಸಿದರು. ಕಿರಿನೊ ಒಬ್ಬನೇ ಬಾಗಿಲವರೆಗೆ ನಡೆದು ಹೋದ, ಬಂದ. ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಎಷ್ಟು ಸಲ ಎಂದು ಎಣಿಸಲಿಲ್ಲ.

ದೋಣಿಯವರು ಬಂದು ಅವನನ್ನು ಮನೆ ಮುಟ್ಟಿಸಿದರು. ಮೂರು ವಾರ ಅವನು ಮನೆಯೊಳಗೆ ವಾಕರ್ ಹಿಡಿದು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡಿದ. ನಾಲ್ಕನೇ ವಾರದ ಒಂದು ಬೆಳಿಗ್ಗೆ, ಅಂಗಿಯ ಗುಂಡಿ ಹಾಕಿಕೊಂಡು, ಪಾಸ್ತೋರಾಳ ಮನೆಗೆ ಹೊರಟ. ಮೂರು ಬೀದಿ ಆಚೆ. ಹೋಗಲು ಮುಕ್ಕಾಲು ಗಂಟೆ ಬೇಕಾಯಿತು.

ಪಾಸ್ತೋರಾ ಅಂಗಳ ಗುಡಿಸುತ್ತಿದ್ದಳು. ಎಪ್ಪತ್ತು ದಾಟಿತ್ತು. ಅವನನ್ನು ಕಂಡು ಪೊರಕೆ ನಿಂತಿತು. ಕೂರು ಅನ್ನಲಿಲ್ಲ. ಅಕ್ಕನನ್ನು ಕರೆಯುವ ಹಾಗೆ ಮನಾಂಗ್ ಎಂದು ಕರೆದು, ಅವನು ನಿಂತುಕೊಂಡೇ ಹೇಳಿದ. ಹೊಗೆಯಿಂದಲ್ಲ, ಮನಾಂಗ್. ಕಾಲಿನಿಂದ ಹೋಗಿದ್ದು. ನಡೆಸಬೇಕಿತ್ತು, ನಡೆಸಲಿಲ್ಲ. ಕೇಳಿದವರಿಗೆಲ್ಲ ಸುಳ್ಳು ಹೇಳಿದೆ. ಎಲ್ಲವನ್ನೂ, ಬಾಗಿಲಿನ ಮಾತನ್ನೂ ಹೇಳಿದ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಮೂರು ಅಂದ್ರೆ ನಂಬಲ್ಲ ಅಂದ್ಳಾ?"

"ಹೂಂ."

"ಅವಳೇ ಅದು. ಚಿಕ್ಕವಳಿದ್ದಾಗ್ಲೂ ಹಾಗೇ. ಶಾಲೆ ತಪ್ಪಿಸಿ ನನ್ನ ಕೈಲಿ ಸುಳ್ಳು ಹೇಳಿಸ್ತಿದ್ಳು." ಅವಳ ಬಾಯಿ ನಗುವಿನ ಕಡೆ ಹೋಗಿ, ಅರ್ಧದಲ್ಲೇ ತಿರುಗಿತು. "ಸುಳ್ಳು ಹೇಳಿದ್ದಕ್ಕೆ ನಿನ್ನನ್ನ ಏನೂ ಅನ್ನಲ್ಲ ನಾನು. ಆದ್ರೆ ಏಳು ವರ್ಷ, ಕಿರಿನೊ. ಏಳು ವರ್ಷ ಪ್ರತಿ ದಿನ ಆ ಒಲೆ ನೋಡಿ, ನನ್ನ ತಂಗೀನ ನಾನೇ ಸುಟ್ಟೆ ಅಂದ್ಕೊಂಡು ಎದ್ದಿದ್ದೀನಿ. ಅದನ್ನ ಯಾರು ವಾಪಸ್ ಕೊಡ್ತಾರೆ?"

"ಗೊತ್ತಿಲ್ಲ ಮನಾಂಗ್."

"ನನಗೂ ಗೊತ್ತಿಲ್ಲ." ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಮರಳಿಯೂ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದ. ಬಿಸಿಲು ಏರುತ್ತಿತ್ತು. ಹಿಂತಿರುಗುವ ದಾರಿ ಬಂದ ದಾರಿಗಿಂತ ಉದ್ದವೆನಿಸಿತು. ಎರಡು ಕಡೆ ನಿಂತು ಸುಧಾರಿಸಿಕೊಂಡ.

ನವೆಂಬರ್ ಮೊದಲ ವಾರ ಊರಿನವರೆಲ್ಲ ಸತ್ತವರಿಗೆ ಮೇಣದಬತ್ತಿ ಹಚ್ಚುತ್ತಾರೆ. ಇಷ್ಟು ವರ್ಷವೂ ಪಾಸ್ತೋರಾ ಸಲುದ್‌ಳ ಗೋರಿಗೆ ಬೆಳಕು ಹರಿಯುವ ಮೊದಲೇ ಬಂದು ಹೋಗುತ್ತಿದ್ದಳು, ಕಿರಿನೊ ಹೊತ್ತೇರಿದ ಮೇಲೆ ಬರುತ್ತಿದ್ದ. ಅವಳು ಬಂದು ಹೋದದ್ದು ಅವನಿಗೆ ತಿಳಿಯುತ್ತಿದ್ದದ್ದು ಕರಗಿ ಬಿದ್ದಿದ್ದ ಮೇಣದಿಂದ. ಆ ವರ್ಷ ಅವನು ಊರುಗೋಲು ಹಿಡಿದು ಹೋದಾಗ ಅವಳು ಇನ್ನೂ ಅಲ್ಲೇ ಕೂತಿದ್ದಳು. ಕಾದಿದ್ದಳೋ, ಸುಮ್ಮನೆ ತಡವಾಗಿತ್ತೋ ಅವನಿಗೆ ಗೊತ್ತಾಗಲಿಲ್ಲ. ಅವಳು ಅವನತ್ತ ನೋಡದೆ, ಗೋರಿಯ ಪಕ್ಕದ ಸಿಮೆಂಟಿನ ಅಂಚಿನಲ್ಲಿ ಒಂದು ಮೊಳ ಸರಿದು ಕೂತಳು. ಕಿರಿನೊ ಕೋಲು ಪಕ್ಕಕ್ಕಿಟ್ಟು, ಮೆಲ್ಲಗೆ ಮೈ ಇಳಿಸಿ ಕೂತ. ತಾನು ತಂದ ಮೇಣದಬತ್ತಿ ಹಚ್ಚಿದ. ಗಾಳಿಗೆ ಅವನ ಬತ್ತಿ ಎರಡು ಸಲ ಆರಿತು, ಅವನೇ ಮತ್ತೆ ಹಚ್ಚಿದ.